ನರಿಯಪ್ಪನ ತುಂಬಿದ ಗುಂಡಿ

ಗುಡ್ಡದ ಬುಡದ ಒಂದು ಕಾಡಿನಲ್ಲಿ ಕೆರೆ ಇದ್ದದ್ದು ಒಂದೇ. ಹಿಂದಿನ ಬೇಸಿಗೆಯಲ್ಲಿ ಅದೂ ಬತ್ತಿತ್ತು. ನರಿಯಪ್ಪ ಕೆಸರು ನೆಕ್ಕಿ ದಿನ ತಳ್ಳಿದ್ದ. ನೆನೆದರೆ ಈಗಲೂ ಅವನ ನಾಲಿಗೆ ಒಣಗುತ್ತಿತ್ತು.

ಕಾಡಿನ ಪಂಚಾಯ್ತಿಗೆ ಆನೆಯಮ್ಮ ಅಧ್ಯಕ್ಷೆ. ಮಳೆಗಾಲಕ್ಕೆ ಮುಂಚೆ ಎಲ್ಲರನ್ನೂ ಕರೆದು ಹೇಳಿದಳು.

"ಬಿದ್ದ ಮಳೆಯೆಲ್ಲ ಜಾರಿ ಕಾಡಿನಾಚೆ ಓಡಿಹೋಗ್ತಿದೆ. ಮನೆ ಮುಂದೆ ಒಂದೊಂದು ಇಂಗುಗುಂಡಿ ತೋಡಿ. ನೀರು ನೆಲದೊಳಕ್ಕೆ ಇಳಿದು ಕೆರೆಯ ಒರತೆಗೆ ಸೇರಲಿ. ಮನೆಯ ನೆತ್ತಿ ಮೇಲೆ ಹುಲ್ಲು ಬೆಳೆಸಿ, ಒಳಗೆ ತಂಪಿರುತ್ತೆ. ಚೆನ್ನಾಗಿ ಮಾಡಿದವರ ಬಾಗಿಲಿಗೆ ಹಸಿರು ತೋರಣ. ಬೇಸಿಗೆಯಲ್ಲಿ ಕೆರೆಯ ಮೊದಲ ಸರದಿ ಅವರದು."

ಮೊದಲ ಸರದಿ ಅಂದದ್ದು ನರಿಯಪ್ಪನ ಕಿವಿಗೆ ಬಿತ್ತು. ತೋಡಿ ಅಂದದ್ದು ಬೀಳಲಿಲ್ಲ.

ಆದರೂ ಮನೆಗೆ ಹೋಗಿ ಒಂದಿಷ್ಟು ಕೆರೆದ. ಉಗುರು ನೊಂದಿತು. ಕೂತು ಯೋಚಿಸಿದ. ಕೆರೆಯಂಚಿನಿಂದ ಜೇಡಿಮಣ್ಣು ತಂದು ಗುಂಡಿಯ ತಳಕ್ಕೆ ಮೆತ್ತಿದ. ಬಾಲದಿಂದ ನುಣ್ಣಗೆ ಸಾರಿಸಿದ. ಎಲ್ಲಿಂದಲೋ ಹುಲ್ಲು ಕಿತ್ತು ತಂದು ಬಿಲದ ಮೇಲೆ ಹರಡಿದ. ಮಳೆ ಬಂತು. ಗುಂಡಿ ತುಂಬಿತು.

ಪಂಚಾಯ್ತಿ ಮೆಂಬರು ಕೊಕ್ಕರಯ್ಯ ತಪಾಸಣೆಗೆ ಬಂದ. ಗುಂಡಿಯ ನೀರಿನಲ್ಲಿ ತನ್ನ ಮುಖ ನೋಡಿಕೊಂಡ. ನೆತ್ತಿಯ ಪುಕ್ಕ ಸರಿಮಾಡಿಕೊಂಡ.

"ಗುಂಡಿ ಅಂದ್ರೆ ಇದಪ್ಪ. ಹೇಗೆ ತುಂಬಿದೆ ನೋಡು."

"ಎಲ್ಲಾ ತಮ್ಮ ಆಶೀರ್ವಾದ ಸ್ವಾಮಿ," ಅಂದ ನರಿಯಪ್ಪ.

ಪಕ್ಕದ ಬಿಲ ಮುಳ್ಳುಹಂದಿ ಅಜ್ಜನದು. ಅವನ ಗುಂಡಿ ಆಳವಾಗಿತ್ತು. ಒಳಗೆ ಹನಿ ನೀರಿರಲಿಲ್ಲ.

"ಏನಜ್ಜ, ರಾತ್ರಿಯೆಲ್ಲ ಮಳೆ ಸುರಿದಿದೆ. ನಿಮ್ಮದು ಖಾಲಿ," ಅಂದ ಕೊಕ್ಕರಯ್ಯ.

"ಬರುತ್ತೆ ಸ್ವಾಮಿ. ಹೋಗುತ್ತೆ."

"ಎಲ್ಲಿಗೆ?"

"ಕೆಳಕ್ಕೆ. ಪಂಚಾಯ್ತಿ ಹೇಳೋಕೆ ಮುಂಚೆನೇ ನಮ್ಮಾಕೆ ಶುರು ಮಾಡಿದ್ದಳು. ಅವಳು ಹೋದ್ಮೇಲೆ ನಾನು ಮುಗಿಸಿದೆ."

ನರಿಯಪ್ಪ ಹಲ್ಲು ಕಿರಿದ. "ಅಜ್ಜನ ಮನೇಲಿ ಯಾರೂ ನಿಲ್ಲಲ್ಲ ಸ್ವಾಮಿ. ಅಜ್ಜಿನೂ ನಿಲ್ಲಲಿಲ್ಲ, ನೀರೂ ನಿಲ್ಲಲಿಲ್ಲ."

ಅಜ್ಜ ಬೆನ್ನು ತಿರುಗಿಸಿ ಒಳಗೆ ಹೋದ. ಮಾತು ಸ್ವಲ್ಪ ಹೆಚ್ಚಾಯಿತೇನೋ ಎಂದು ನರಿಯಪ್ಪನಿಗೂ ಅನ್ನಿಸಿತು. ಅಷ್ಟರಲ್ಲಿ ತೋರಣ ಬಂತು. ಮರೆತುಬಿಟ್ಟ.

ತೋರಣದ ಜೊತೆ ಸೊಳ್ಳೆಯೂ ಬಂತು. ನಿಂತ ನೀರು ಬಿಟ್ಟು ಅದು ಇನ್ನೆಲ್ಲಿ ಸಂಸಾರ ಹೂಡೀತು? ನರಿಯಪ್ಪನ ಮೂಗು ಊದಿತು, ಕಿವಿ ಊದಿತು. ನೀರು ಚೆಲ್ಲೋಣವೆಂದರೆ ತೋರಣ ಹೋಗುತ್ತದೆ. ಮಳೆಗಾಲವೆಲ್ಲ ಕೆರೆದುಕೊಂಡೇ ಕಳೆದ.

ಬೇಸಿಗೆ ಬಂತು. ಸರದಿಯ ಮೊದಲ ದಿನ ನರಿಯಪ್ಪ ಎಲ್ಲರಿಗಿಂತ ಮುಂದೆ ನಿಂತ. ಅಜ್ಜ ಕೊನೆಯಲ್ಲಿದ್ದ.

"ಮೊದಲ ಗುಟುಕು ನಿಂದೇನಪ್ಪ," ಅಂದಳು ಆನೆಯಮ್ಮ. "ಅದಕ್ಕೆ ಮುಂಚೆ ಎಲ್ಲರೂ ನಿನ್ನ ಗುಂಡಿ ನೋಡಿ ಬರಲಿ. ಕಲೀಲಿ."

"ಈ ಬಿಸಿಲಲ್ಲಿ ಯಾಕಮ್ಮ ತೊಂದರೆ? ನನಗೆ ಹೊಗಳಿಕೆ ಅಂದ್ರೆ ಆಗಲ್ಲ."

"ನಾಚಿಕೋಬೇಡ, ನಡಿ."

ಎಲ್ಲರೂ ಹೊರಟರು. ನರಿಯಪ್ಪನ ಕಾಲು ಮಾತ್ರ ಹಿಂದೆ ಬಿತ್ತು.

ಗುಂಡಿಯ ನೀರು ಆರಿಹೋಗಿತ್ತು. ತಳದ ಜೇಡಿಮಣ್ಣು ಒಡೆದ ಮಡಕೆಯ ಹಾಗೆ ಬಿರುಕುಬಿಟ್ಟು ಎದ್ದಿತ್ತು. ಬಿಲದ ಮೇಲಿನ ಹುಲ್ಲು ಒಣಗಿ ತರಗಾಗಿತ್ತು. ಆನೆಯಮ್ಮ ಸೊಂಡಿಲಿನಿಂದ ಜೇಡಿಮಣ್ಣಿನ ಒಂದು ಚೂರು ಎತ್ತಿದಳು.

"ಇದೇನಪ್ಪ, ಇಂಗುಗುಂಡಿಯೋ, ನೀನು ಸ್ನಾನ ಮಾಡೋ ಬಾನಿಯೋ?"

ಕೊಕ್ಕರಯ್ಯ ಒಂದೇ ಕಾಲಲ್ಲಿ ನಿಂತು ನೆಲ ನೋಡಿದ. "ನಾನು ನೀರು ನೋಡಿದೆನಮ್ಮ. ಗುಂಡಿ ನೋಡಲಿಲ್ಲ."

ಅಜ್ಜನ ಗುಂಡಿ ಈಗಲೂ ಖಾಲಿಯೇ. ಆದರೆ ಅದರ ಕೆಳಗಿನ ಇಳಿಜಾರಿನ ಪೊದೆ ಆ ಬಿಸಿಲಲ್ಲೂ ಹಸಿರಾಗಿತ್ತು. ಆನೆಯಮ್ಮ ತೋರಣ ಬಿಚ್ಚಿ ಅಜ್ಜನ ಬಾಗಿಲಿಗೆ ಕಟ್ಟಿದಳು. ಅಜ್ಜ ಸರದಿಯ ತಲೆಗೆ ಬಂದ. ನರಿಯಪ್ಪ ಬಾಲಕ್ಕೆ ಹೋದ.

ಬಾಲದಲ್ಲಿ ನಿಂತವನಿಗೆ ಮತ್ತೆ ಕೆಸರಿನ ರುಚಿ ನೆನಪಾಯಿತು. ಕೊನೆಗೆ ಅವನ ಸರದಿ ಬಂತು. ಬಗ್ಗಿ ನೋಡಿದ. ತಿಳಿನೀರು. ಯಾರ್‍ಯಾರದೋ ಖಾಲಿ ಗುಂಡಿಯಿಂದ ಇಳಿದು ಬಂದ ನೀರು. ಕುಡಿದ. ತಲೆ ಎತ್ತಲಿಲ್ಲ.

ಮಾರನೆಯ ದಿನ ಜೇಡಿಮಣ್ಣು ಕಿತ್ತೆಸೆದು ತೋಡಲು ಶುರುಮಾಡಿದ. ಅಜ್ಜ ಬಂದು ದಂಡೆಯ ಮೇಲೆ ಕೂತ.

"ಸಾಕಾ ಅಜ್ಜ?"

"ನಂಗೆ ಸಾಕು. ನಮ್ಮಾಕೆ ಇದ್ದಿದ್ರೆ ಇನ್ನೊಂದು ಮೊಳ ಅಂತಿದ್ದಳು."

ನರಿಯಪ್ಪ ಮತ್ತೆ ಗುಂಡಿಗೆ ಇಳಿದ. ಇನ್ನೊಂದು ಮೊಳ ತೋಡಿದ.

ಮತ್ತೆ ಮಳೆಗಾಲ. ರಾತ್ರಿಯೆಲ್ಲ ಸುರಿಯಿತು. ಬೆಳಗಾಗುತ್ತಲೇ ನರಿಯಪ್ಪ ಗುಂಡಿಗೆ ಇಣುಕಿ, ಅಜ್ಜನ ಬಾಗಿಲಿಗೆ ಓಡಿದ.

"ಅಜ್ಜ, ಒಂದು ಹನಿಯೂ ಇಲ್ಲ. ಎಲ್ಲಾ ಹೋಗಿದೆ."

ಅಜ್ಜ ಮುಳ್ಳು ಕೊಡವಿ ನಕ್ಕ. ಅಜ್ಜಿ ಹೋದ ಮೇಲೆ ಅವನು ನಕ್ಕದ್ದನ್ನು ನರಿಯಪ್ಪ ನೋಡಿದ್ದು ಅದೇ ಮೊದಲು.

ನೀತಿ: ತೋರಿಕೆಗೆ ಹಿಡಿದಿಟ್ಟ ನೀರು ಬಿಸಿಲಿಗೆ ಆರುತ್ತದೆ, ನೆಲಕ್ಕೆ ಕೊಟ್ಟ ನೀರು ಎಲ್ಲರಿಗೂ ಉಳಿಯುತ್ತದೆ.