ಗುಂಡಿಗೆ ಮೊದಲೋ, ಯಕೃತ್ತು ಮೊದಲೋ

"ಕೇಳ್ರಪ್ಪೋ ಕೇಳಿ! ಯುವರಾಣಿ ಮಲ್ಲಾದೇವಿಯ ಗುಂಡಿಗೆಯೂ ಕೆಟ್ಟಿದೆ, ಯಕೃತ್ತೂ ಕೆಟ್ಟಿದೆ. ಎರಡನ್ನೂ ಬದಲಿಸಬಲ್ಲ ವೈದ್ಯರು ಬರಬಹುದು. ಮೊದಲು ಯುವರಾಣಿಯ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆ ಹೋಗುತ್ತದೆ!" ಎಂದು ಡಂಗುರದವನು ಸಾರಿದ.

ತಲೆಯ ಷರತ್ತು ಅರಸ ಬೊಮ್ಮರಸನದು, ಒಗಟು ಮಗಳದು. ಎದೆ ಸೀಳಿಸಿಕೊಳ್ಳುವವಳು ತಾನಾದ ಮೇಲೆ ಕೇಳುವವಳೂ ತಾನೇ ಎಂದು ಹಟ ಹಿಡಿದಿದ್ದಳು. ಸರಿಯಾಗೇ ಇದೆ ಬಿಡಿ.

"ಮನೆಗೆ ಇಬ್ಬರು ನೆಂಟರು ಬರಬೇಕು. ಒಬ್ಬರನ್ನು ಒಳಗೆ ಕೂರಿಸುವಷ್ಟರಲ್ಲಿ ಇನ್ನೊಬ್ಬರು ಹೊಸಿಲಲ್ಲೇ ಸಾಯುತ್ತಾರೆ. ಯಾರನ್ನು ಮೊದಲು ಕರೆಯಲಿ?" ಇದು ಅವಳ ಮೊದಲ ಒಗಟು.

ಗುಂಡಿಗೆಯ ವೈದ್ಯರು "ಗುಂಡಿಗೆ" ಎಂದರು. ಯಕೃತ್ತಿನ ವೈದ್ಯರು "ಯಕೃತ್ತು" ಎಂದರು. ಇಬ್ಬರನ್ನೂ ಸೆರೆಮನೆಗೆ ತಳ್ಳಿ, ಅಮಾವಾಸ್ಯೆಗೆ ತಲೆ ತೆಗೆಯುವುದೆಂದು ಗೊತ್ತುಮಾಡಿದರು.

ಆಮೇಲೆ ಬಂದವನು ಅವರಿಬ್ಬರ ಶಿಷ್ಯ, ಮಾಲಿಯ ಮಗ ನಂಜಯ್ಯ.

"ಇಬ್ಬರನ್ನೂ ಒಟ್ಟಿಗೇ ಕರೀರಿ, ತಾಯಿ. ನಮ್ಮಪ್ಪ ಬಳ್ಳಿ ಹಬ್ಬಿದ ಗಿಡ ಎತ್ತಿ ನೆಡುವಾಗ ಬಳ್ಳಿ ಬಿಡಿಸೋದಿಲ್ಲ, ಬುಡದ ಮಣ್ಣು ಸಮೇತ ಎರಡನ್ನೂ ಎತ್ತಿಡ್ತಾನೆ. ಗುಂಡಿಗೆಗೂ ಯಕೃತ್ತಿಗೂ ನಡುವೆ ದೊಡ್ಡ ರಕ್ತನಾಳ ಇದೆ. ಅದನ್ನು ಕತ್ತರಿಸದೆ ಎರಡನ್ನೂ ಒಂದಾಗಿಯೇ ಕೂರಿಸ್ತೀನಿ. ಯಾರೂ ಹೊಸಿಲಲ್ಲಿ ಕಾಯಬೇಕಾಗಿಲ್ಲ."

ಯುವರಾಣಿ ಏದುಸಿರು ಬಿಡುತ್ತ ಎರಡನೆಯದನ್ನು ಕೇಳಿದಳು. "ನನ್ನ ಮನೆಯ ಕಾವಲುಗಾರರು ಹೊಸಬರನ್ನು ಕಂಡರೆ ಕೊಲ್ಲುತ್ತಾರೆ. ಗುಂಡಿಗೆಯನ್ನು ಉಳಿಸುವವರು ಯಾರು?"

"ಜೊತೆಗೇ ಬಂದ ಯಕೃತ್ತು. ಹೊರಗಿನ ಅಂಗವನ್ನು ಒಪ್ಪದ ನಿಮ್ಮ ಮೈಯ ಕಾವಲುಗಾರರನ್ನು ಅದು ಸಮಾಧಾನ ಮಾಡುತ್ತೆ. ಹಾಗಂತ ಅವರನ್ನು ತಣ್ಣಗಿಡೋ ಔಷಧಿ ಬಿಡೋ ಹಾಗಿಲ್ಲ."

"ನಮ್ಮಪ್ಪನ ಸೈನ್ಯವೆಲ್ಲ ಹೋದರೂ ತರಲಾಗದ್ದು ಯಾವುದು?"

"ಮಗನನ್ನು ಕಳಕೊಂಡ ತಾಯಿಯ ಒಪ್ಪಿಗೆ."

ಅರಸ ಸಿಡಿದೆದ್ದ. "ಒಪ್ಪಿಗೆ ಯಾಕೆ? ಸೆರೆಯಾಳೊಬ್ಬನನ್ನು ಕಡಿಸಿ ಕೊಡುತ್ತೇನೆ!"

"ಹಾಗಾದರೆ ನಾನು ಶಸ್ತ್ರ ಮುಟ್ಟೋದಿಲ್ಲ. ತಲೆ ಇಲ್ಲೇ ಇದೆ, ತಗೊಳ್ಳಿ."

"ಕಡಿದು ತಂದದ್ದು ನನಗೂ ಬೇಡ," ಎಂದಳು ಮಲ್ಲಾದೇವಿ. "ಮೂರೂ ಸರಿ ಹೇಳಿದ್ದಾನೆ. ನೀವೇ ಹೋಗಿ ಕೇಳಿ, ಅಪ್ಪಾಜಿ."

ಊರಾಚೆ ನಿಂಗವ್ವನ ಮಗ ಮರದಿಂದ ಬಿದ್ದಿದ್ದ. ಮಿದುಳು ಸತ್ತಿತ್ತು, ತಿದಿಯೊತ್ತಿ ಉಸಿರು ನಡೆಸುತ್ತಿದ್ದರು. ಅರಸ ಬರಿಗಾಲಲ್ಲಿ ಬಾಗಿಲಲ್ಲಿ ನಿಂತ.

"ಯೋಳಿ ಕಳ್ಸಿದ್ರೆ ಕೊಡ್ತಿರ್ನಿಲ್ಲ," ಎಂದು ಅತ್ತಳು ನಿಂಗವ್ವ. "ನೀನೇ ಬಂದು ಕೇಳ್ದೆ. ತಗೊಂಡೋಗು."

ಅರ್ಧ ರಾಜ್ಯ ಕೊಡುತ್ತೇನೆಂದ ಅರಸನಿಗೆ ನಂಜಯ್ಯ ಹೇಳಿದ: "ಸೆರೆಯಲ್ಲಿರೋ ನನ್ನ ಗುರುಗಳನ್ನು ಕೊಡಿ. ಒಬ್ಬನ ಕೈಯಲ್ಲಿ ಆಗೋ ಕೆಲಸ ಅಲ್ಲ ಇದು."

ಮೂವರೂ ಕೂಡಿ ಹೊಲಿದರು. ಗುಂಡಿಗೆ ಬಡಿಯಿತು, ಯಕೃತ್ತು ಕೆಂಪೇರಿತು.

ಕಣ್ಣು ಬಿಟ್ಟ ಯುವರಾಣಿ ಮೊದಲು ಕರೆಸಿದ್ದು ಡಂಗುರದವನನ್ನು. "ಇನ್ನು ಈ ನಾಡಿನಲ್ಲಿ ಉತ್ತರ ತಪ್ಪಿದವರ ತಲೆ ಹೋಗುವುದಿಲ್ಲ ಅಂತ ಸಾರು."

"ಅರಸರನ್ನು ಒಂದು ಮಾತು ಕೇಳಬೇಡವೇ, ತಾಯಿ?"

"ನಿಂಗವ್ವನನ್ನು ಕೇಳಿ ಬಾ. ನನ್ನೆದೆಯಲ್ಲಿರುವುದು ಅವಳು ಕೊಟ್ಟದ್ದು."