ಹಗ್ಗದ ಮೇಲಿನ ಪಾಠ

ನೀಲವ್ವ ಎಂಬ ಕರಿಮೂತಿಯ ಮುಸುವ ಕೋತಿ ತನ್ನ ಹಿಂಡಿನ ಮರಿಗಳಿಗೆಲ್ಲ ನೆಗೆತ ಕಲಿಸುವ ಗುರು. ಒಂದು ಬೇಸಿಗೆಯಲ್ಲಿ ಕಾಡನ್ನು ಸೀಳಿಕೊಂಡು ರಸ್ತೆ ಬಂತು. ನಡುವಿನ ಮರಗಳು ಉರುಳಿ, ಹಣ್ಣಿನ ಅತ್ತಿಮರ ಯಾವ ನೆಗೆತಕ್ಕೂ ಎಟುಕದಷ್ಟು ಆಚೆ ಉಳಿಯಿತು. ಯಾರೋ ಪುಣ್ಯಾತ್ಮರು ರಸ್ತೆಯ ಮೇಲೆ ಮರದಿಂದ ಮರಕ್ಕೆ ದಪ್ಪ ಹಗ್ಗವೊಂದನ್ನು ಕಟ್ಟಿ ಹೋದರು.

"ಅವ್ವಾ, ಇದರ ಮೇಲೆ ಹೇಗೆ ಹೋಗಬೇಕು?" ಎಂದು ಮರಿಗಳು ಕೇಳಿದವು.

"ನನಗೂ ತಿಳಿಯದು. ಇವತ್ತು ನಾನೂ ನಿಮ್ಮ ಜೊತೆ ಕಲಿಯುತ್ತೇನೆ" ಎಂದಳು ನೀಲವ್ವ.

ಹಿಂಡಿನ ಹಿರಿಯ ಗಡ್ಡಜ್ಜ ಗದರಿದ. "ಗುರುವಾದವಳು ತಿಳಿಯದು ಎನ್ನಬಾರದು. ಬಲ್ಲ ನೆಗೆತವನ್ನೇ ಕಲಿಸು."

"ಅದನ್ನೇ ಕಲಿಸಿದರೆ ಇವು ಲಾರಿಯಡಿ ಬೀಳುತ್ತವೆ, ಅಜ್ಜ."

ತಲೆಕೆಳಗಾಗಿ ಜೋತುಬೀಳೋಣ ಎಂದಿತು ಒಂದು ಮರಿ. ಬಾಲ ಎತ್ತಿ ನಡೆಯೋಣ ಎಂದಿತು ಇನ್ನೊಂದು. ನೀಲವ್ವ ಹಗ್ಗದ ಈಚೆಯ ತುದಿಯಲ್ಲಿ ಎರಡನ್ನೂ ಮಾಡಿ ನೋಡಿದಳು. ಜೋತುಬಿದ್ದಾಗ ಕೈಜಾರಿ ಕೆಳಗಿನ ಕೊಂಬೆಗೆ ಬಿದ್ದಳು. ಮರಿಗಳ ಜೊತೆ ತಾನೂ ನಕ್ಕಳು. ಬಾಲ ಎತ್ತಿದಾಗ ಮೈ ಓಲಾಡದೆ ನಿಂತಿತು. ಹಾಗೆಯೇ ಅವಳೇ ಮೊದಲು ದಾಟಿದಳು. ಮರಿಗಳು ಬಾಲವೆತ್ತಿಕೊಂಡು ಸಾಲಾಗಿ ಹಿಂದೆಯೇ ಬಂದವು.

ಎಲ್ಲಕ್ಕಿಂತ ಕಿರಿಯ ಮರಿ ಅತ್ತಿಹಣ್ಣನ್ನು ಬಾಯಲ್ಲಿಟ್ಟುಕೊಂಡೇ ಕೇಳಿತು: "ಅವ್ವಾ, ನಾಳೆಯೂ ನಿನಗೆ ಗೊತ್ತಿಲ್ಲದ ಪಾಠವನ್ನೇ ಹೇಳಿಕೊಡುತ್ತೀಯಾ?"