ಬಟ್ಟೆ ಅಂಗಡಿಗೆ ಬಂದ ದಾದಿ

"ಮದರ್, ಹಾಸಿಗೆಯಲ್ಲಿದ್ದಾಗ ನನ್ನ ಕೈ ಬಿಡದ ರೋಗಿಗಳು, ಗುಣವಾದ ಮೇಲೆ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹೀಗಾದರೆ ಈ ಸೇವೆಯಲ್ಲಿ ಮನಸ್ಸು ನಿಲ್ಲುವುದು ಹೇಗೆ?" ಎಂದು ಜಸಿಂತಾ ಕೇಳಿದಳು. ಅವಳು ಕನ್ಯಾಮಠದ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಕಲಿಯುತ್ತಿದ್ದಳು. ಕಲಿಸುತ್ತಿದ್ದವರು ಮದರ್ ಕ್ಲೆಮೆನ್ಸಿಯಾ. ಅವರು ಮಡಚುತ್ತಿದ್ದ ಹೊದಿಕೆಯನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಊರಿನ ಹೊರಗೆ, ಗುಡ್ಡದ ಮೇಲೆ, ಕ್ಷಯರೋಗಿಗಳ ಆಸ್ಪತ್ರೆಯಿತ್ತು. ಅಲ್ಲಿ ಒಬ್ಬ ದಾದಿಯಿದ್ದಳು. ರೋಗಿಯ ಮೈಯಲ್ಲಿ ಕ್ರಿಸ್ತನೇ ನರಳುತ್ತಾನೆ ಎಂದು ನಂಬಿ, ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಬಂದವಳು. ಊರಿನವರು ಆ ಗುಡ್ಡ ಹತ್ತುತ್ತಿರಲಿಲ್ಲ. ಅವಳಿಗೂ ಊರಿನಲ್ಲಿ ಹೋಗಿ ಕೂತು ಮಾತಾಡುವಂಥ ಮನೆ ಒಂದೂ ಇರಲಿಲ್ಲ.

ಒಬ್ಬ ಬಟ್ಟೆ ವ್ಯಾಪಾರಿ ಆ ಆಸ್ಪತ್ರೆ ಸೇರಿದ. ವ್ಯಾಪಾರಕ್ಕಾಗಿ ದೂರದ ಊರಿಗೆ ಹೋಗಿದ್ದಾನೆಂದು ಮನೆಯವರು ಎಲ್ಲರಿಗೂ ಹೇಳಿದರು. ಮನೆಯಲ್ಲಿ ಮದುವೆಗೆ ಬೆಳೆದ ಮಗಳಿದ್ದಳು; ಅಪ್ಪನಿಗೆ ಕ್ಷಯವೆಂದು ತಿಳಿದರೆ ಅವಳನ್ನು ಯಾರೂ ತಂದುಕೊಳ್ಳುತ್ತಿರಲಿಲ್ಲ. ಆ ಹೆದರಿಕೆಯಿಂದ ಅವರು ಅವನನ್ನು ನೋಡಲೂ ಬರಲಿಲ್ಲ. ಅವನು ರಕ್ತ ಕಾರಿದಾಗ ಬಾಯಿ ಒರೆಸಿದವಳು ದಾದಿ. ಗಂಜಿ ಕುಡಿಸಿದವಳೂ, ಅವನು ಅಳುವಾಗ ಪಕ್ಕದಲ್ಲಿ ಕೂತವಳೂ ಅವಳೇ.

"ನೀವು ನನಗೆ ಹೆತ್ತ ತಾಯಿಗಿಂತ ಹೆಚ್ಚು" ಎಂದು ಅವನು ಒಂದು ದಿನ ಹೇಳಿದ. ಆ ಮಾತು ಅವಳ ಮನಸ್ಸಿನಲ್ಲಿ ಉಳಿಯಿತು.

ವರ್ಷ ತುಂಬುವ ಹೊತ್ತಿಗೆ ಅವನು ಪೂರ್ತಿ ಗುಣವಾಗಿ ಮನೆಗೆ ಹೋದ.

ಕೆಲವು ತಿಂಗಳ ನಂತರ ಆಸ್ಪತ್ರೆಗೆ ಬಿಳಿ ಬಟ್ಟೆ ಬೇಕಾಯಿತು. ಬೇರೆಯವರನ್ನು ಕಳಿಸಬಹುದಿತ್ತು. ಆದರೆ ದಾದಿ ತಾನೇ ಹೊರಟಳು. ಅವನು ಹೇಗಿದ್ದಾನೆಂದು ಕಣ್ಣಾರೆ ನೋಡಬೇಕು, ಸಾಧ್ಯವಾದರೆ ನಾಲ್ಕು ಮಾತಾಡಬೇಕು ಎಂಬ ಆಸೆ ಅವಳಿಗಿತ್ತು.

ಅಂಗಡಿಯಲ್ಲಿ ವ್ಯಾಪಾರಿಯ ಮಗಳಿಗೆ ನಿಶ್ಚಯವಾದ ಗಂಡಿನ ಕಡೆಯವರು ಕೂತು ಮದುವೆಯ ಸೀರೆ ಆರಿಸುತ್ತಿದ್ದರು. ಮೆಟ್ಟಿಲ ಮೇಲೆ ದಾದಿಯನ್ನು ಕಂಡೊಡನೆ ವ್ಯಾಪಾರಿಯ ಮುಖ ಬಿಳಿಚಿಕೊಂಡಿತು. ಅವಳ ಕತ್ತಿನ ಶಿಲುಬೆ ನೋಡಿ ಗಂಡಿನ ತಂದೆ ಗುರುತು ಹಿಡಿದರು.

"ಇವರು ಗುಡ್ಡದ ಆಸ್ಪತ್ರೆಯವರಲ್ಲವೇ? ನಿಮಗೆ ಗೊತ್ತೇನು?"

"ಇಲ್ಲ. ಯಾರೋ ಏನೋ" ಎಂದ ವ್ಯಾಪಾರಿ.

ಗಂಡಿನ ತಂದೆ ಅವಳತ್ತ ತಿರುಗಿದರು. "ನಿಮಗೆ ಇದು ಗುರುತಿನ ಅಂಗಡಿಯೇ, ತಾಯಿ?"

ದಾದಿ ವ್ಯಾಪಾರಿಯನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಅವನ ಕೆನ್ನೆ ತುಂಬಿಕೊಂಡಿತ್ತು. ಉಸಿರಾಟದಲ್ಲಿ ತೊಡಕಿರಲಿಲ್ಲ.

"ಇಲ್ಲಿಗೆ ನಾನು ಬಂದದ್ದು ಇದೇ ಮೊದಲು. ಬಿಳಿ ಬಟ್ಟೆ ಬೇಕಿತ್ತು" ಎಂದಳು.

ಅವನು ಬಟ್ಟೆ ಅಳೆದು ಹರಿದುಕೊಟ್ಟ. ಅವಳು ತೆಗೆದುಕೊಂಡು ಮೆಟ್ಟಿಲಿಳಿದಳು. ಹಿಂದಿನಿಂದ ಕರೆಯಬಹುದೆಂದು ಬೀದಿಯ ಕೊನೆಯವರೆಗೂ ಮೆಲ್ಲಗೆ ನಡೆದಳು. ಯಾರೂ ಕರೆಯಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹತ್ತಿದಳು. ರೋಗಿಗಳ ಊಟದ ಹೊತ್ತಾಗಿತ್ತು.

ಮದುವೆ ನಡೆಯಿತು. ವಾಲಗದ ಸದ್ದು ಗುಡ್ಡದವರೆಗೂ ಕೇಳಿಸಿತು. ಆಗ ಅವಳು ಹೊಸದಾಗಿ ಬಂದ ರೋಗಿಯೊಬ್ಬನ ಬೆನ್ನು ಒರೆಸುತ್ತಿದ್ದಳು. ವ್ಯಾಪಾರಿ ಬಹುಕಾಲ ಬದುಕಿದ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದ. ಗುಡ್ಡದ ಕಡೆಗೆ ಮಾತ್ರ ಬರಲಿಲ್ಲ. ದಾದಿ ಮುದುಕಿಯಾಗಿ ಅಲ್ಲೇ ತೀರಿಕೊಂಡಳು. ಪಾದ್ರಿಯೊಬ್ಬರು ಪ್ರಾರ್ಥನೆ ಹೇಳಿದರು. ನಡೆದಾಡಬಲ್ಲ ರೋಗಿಗಳು ಮಣ್ಣು ಹಾಕಿದರು. ಊರಿನಿಂದ ಯಾರೂ ಬರಲಿಲ್ಲ.

ಮದರ್ ಅಲ್ಲಿಗೆ ನಿಲ್ಲಿಸಿದರು. ಜಸಿಂತಾಳಿಗೆ ತಡೆಯಲಾಗಲಿಲ್ಲ.

"ಅವನು ಒಮ್ಮೆಯಾದರೂ ಬರಬಹುದಿತ್ತಲ್ಲ, ಮದರ್? ಯಾರಿಗೂ ಕಾಣದ ಹಾಗಾದರೂ?"

"ಯೇಸುಸ್ವಾಮಿ ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ, ಮಗಳೇ. ಬಾರದ ಒಂಬತ್ತು ಮಂದಿಗೆ ಕೊಟ್ಟ ಆರೋಗ್ಯವನ್ನು ಸ್ವಾಮಿ ವಾಪಸು ಕೇಳಲಿಲ್ಲ."

ಜಸಿಂತಾ ಪಕ್ಕದಲ್ಲಿದ್ದ ಹೊದಿಕೆಯನ್ನು ಎತ್ತಿಕೊಂಡು ಮಡಚತೊಡಗಿದಳು.